ಭಟ್ಟಿ ಬಾಗಿಲ ಖಾನಾವಳಿ

ವಿದ್ಯಾವತಿ,

ಬುಟ್ಟ್ಯಾಗಿನ ಎರಡು ಬದನಿಕಾಯಿ ನಾನೇ ಒಯ್ದೀನಿ, ಹುಡುಕಬ್ಯಾಡ. ಇವತ್ತಿನ ಪಾಳಿ ಮುಗಿದ ಮ್ಯಾಲೆ ಕಾರಖಾನ್ಯಾಗಿನ ನನ್ನ ಹಳೇ ಭಟ್ಟಿ ಕಾಯಂ ಆರಸ್ತಾರ. ನಾಳಿಂದ ಕರೆಂಟಿಂದು, ಅದರಾಗ ಬದನಿಕಾಯಿ ಸುಡ್ಲಿಕ್ಕ ಆಗೋದಿಲ್ಲ.

ನಾವು ಹೊಸದಾಗಿ ಈ ಅಂಬಡ ಊರಿಗಿ ಬಂದಾಗ ಖೋಲ್ಯಾಗ ಒಲಿ ಸುದ್ದಾ ಇರಲಿಲ್ಲ. ನಾ ಭಟ್ಟಿ ಬಾಗಿಲದಾಗ ಸುಟ್ಟು ತಂದ ಬದನಿಕಾಯಿ ತಿಂದು, "ಯಾವ ಖಾನಾವಳಿದ್ರೀ ಇದು?" ಅಂತ ಕೇಳಿದ್ದಿ. ಖರೇ ಗೊತ್ತಾದ ಮ್ಯಾಲೂ "ನಿಮ್ಮ ಖಾನಾವಳಿ ಒಮ್ಮೆ ತೋರಸ್ರಿ" ಅಂತ ಕಾಡಿದ್ದೇ ಕಾಡಿದ್ದು. ಹೊರಗಿನವರಿಗಿ ಒಳಗ ಬಿಡ್ತಿರಲಿಲ್ಲ.

ನಿನ್ನೆ ಸಾಹೇಬರಿಗಿ ಕೇಳಿದೆ, ಹೂಂ ಅಂದಾರ. ರೊಟ್ಟಿ, ಜಜ್ಜಿದ ಹಸಿಮೆಣಸಿನಕಾಯಿ ಕಟ್ಗೊಂಡು ಮಧ್ಯಾಹ್ನ ಗೇಟಿಗೆ ಬಾ. ನೂಲಿನ ಸೀರಿನೇ ಉಡು, ನೈಲಾನ್ ಆ ಝಳಕ್ಕ ಮೈಗಿ ಅಂಟ್ತದ. ಹಾದ್ಯಾಗ ಓಣ್ಯಾಗಿನ ರುಕ್ಮಿಣಿಬಾಯಿ ಜೋಡಿ ಹರಟಿ ಹೊಡಕೋತ ನಿಂದ್ರಬ್ಯಾಡ.

ನಮ್ಮ ಖಾನಾವಳಿ ನಾಳಿ ಇರಲ್ಲ.