ಮಾವನ ಬಲಗಣ್ಣು

ಮಾರ್ಚ್ ೪, ಬೆಳಿಗ್ಗೆ

ಬ್ಯಾಟರಿ ಚಾರ್ಜಾಗಿದೆ. ಲೆನ್ಸ್ ಒರೆಸಿ, ಫೋಕಸ್ ಪರೀಕ್ಷಿಸುವ ಚಾರ್ಟ್ ಎದುರಿಗಿಟ್ಟು ಒಂದೊಂದನ್ನೇ ನೋಡಿದೆ. ಯಾವುದರಲ್ಲೂ ಕುಂದಿಲ್ಲ. ಕೊನೆಗೆ, ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಐಪೀಸಿನ ಉಂಗುರವನ್ನು ಮಾವನ ಗುರುತಿಗೆ ತಿರುಗಿಸಿದೆ. ಅವರ ಬಲಗಣ್ಣಿಗೆ ಹೊಂದುವ ಜಾಗ ಅದು, ಬಿಳಿ ಟೇಪಿನ ಚೂರು ಅಂಟಿಸಿದ್ದೇನೆ. ಅಮ್ಮನ ತಮ್ಮ, ಮನೆಯಲ್ಲೂ ಮಾವ, ಸೆಟ್ಟಿನಲ್ಲೂ ಮಾವ. ಕ್ಯಾಮೆರಾ ಹಿಡಿಯುವುದು ಅವರು, ಪಕ್ಕದಲ್ಲಿ ನಿಂತು ದೂರಕ್ಕೆ ತಕ್ಕಂತೆ ಲೆನ್ಸಿನ ಫೋಕಸ್ ತಿರುಗಿಸುವುದು ನಾನು. ನನಗಿಂತ ಚೆನ್ನಾಗಿ ಫೋಕಸ್ ಮಾಡುವವರಿದ್ದರೆ ಬರಲಿ, ನೋಡೋಣ. ಯಾರೂ ಓದದ ಪುಸ್ತಕದಲ್ಲಿ ಹೊಗಳಿಕೊಳ್ಳಲು ಏನಡ್ಡಿ...

ಮಾರ್ಚ್ ೪, ಸಂಜೆ

ಸಿಟ್ಟು ಇನ್ನೂ ಇಳಿದಿಲ್ಲ. ಶಾಟ್ ಮುಗಿದ ಕೂಡಲೇ ಮಾವ ಎಲ್ಲರೆದುರು ನನ್ನ ಫೋಕಸ್ ಹೋಯಿತು ಅಂದರು. ಪ್ಲೇಬ್ಯಾಕ್ ಹಾಕಿಸಿದೆ. ನಾಯಕಿಯ ರೆಪ್ಪೆಯ ಕೂದಲು ಕೂಡ ಸ್ಪಷ್ಟ. ಆಗ ಲೆನ್ಸ್ ಸರಿಯಿಲ್ಲ, ಬದಲಾಯಿಸು ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಪ್ಯಾಕ್ ಮಾಡುವಾಗ ಕಂಡಿತು. ಉಂಗುರ ಗುರುತು ದಾಟಿ ತುದಿಗೆ ಹೋಗಿ ನಿಂತಿದೆ. ನಿನ್ನೆಯೂ ಹಾಗೇ ಇತ್ತು, ಮೊನ್ನೆಯೂ. ಯಾರೋ ಕೈಯಾಡಿಸಿದ್ದಾರೆ ಅಂದುಕೊಂಡು ದಿನಾ ನಾನೇ ಹಿಂದಕ್ಕೆ ತಿರುಗಿಸುತ್ತಿದ್ದೆ. ಕೈಯಾಡಿಸಿದ್ದು ಮಾವನೇ. ಅವರ ಕಣ್ಣಿಗೆ ಆ ಗುರುತು ಸಾಲುತ್ತಿಲ್ಲ.

ಸಿಟ್ಟು ಹೋಯಿತು. ಹೆದರಿಕೆ ಬಂತು.

ಮಾರ್ಚ್ ೫, ಊಟದ ಹೊತ್ತು

ವ್ಯಾನಿನಲ್ಲಿ ಇಬ್ಬರೇ. ನೇರ ವಿಷಯಕ್ಕೆ ಬಂದೆ. ಎಡಗಣ್ಣು ಮುಚ್ಚಿ ನನ್ನ ಮುಖ ನೋಡಲು ಹೇಳಿದೆ. ನೋಡಿದರು.

"ಹೀಗೆ ನೋಡಿದ್ರೆ ಇನ್ನೂ ಚೆನ್ನಾಗಿ ಕಾಣ್ತೀಯ ಕಣೇ."

ನಗು ಬಂತು, ಅಳುವೂ ಬಂತು. ಪೊರೆ ಬಂದಿದೆ ಅಂತ ಒಪ್ಪಿಕೊಂಡರು. ಡಾಕ್ಟರು ಹೇಳಿ ಎರಡು ತಿಂಗಳಾಯಿತಂತೆ. ಆಪರೇಷನ್ ಆದರೆ ಸರಿಹೋಗುತ್ತದೆ, ಆದರೆ ಸಿನಿಮಾ ಮುಗಿಯಲಿ ಅಂತ ಕೂತಿದ್ದಾರೆ. ಕ್ಯಾಮೆರಾಮನ್ನಿಗೆ ಕಣ್ಣಿಲ್ಲ ಅಂತ ಒಮ್ಮೆ ಸುದ್ದಿ ಹಬ್ಬಿದರೆ ಮುಂದೆ ಯಾರೂ ಕರೆಯುವುದಿಲ್ಲ ಎಂಬ ಭಯ. ಎಂಟನೇ ತಾರೀಕಿನ ಶಾಟ್ ಏನು ಮಾಡುತ್ತೀರಿ ಅಂದೆ. ಕ್ಯಾಮೆರಾ ಬಲಭುಜದ ಮೇಲೆ, ನೋಡಲು ಬಲಗಣ್ಣೇ ಬೇಕು, ಮೂರು ಕೋಣೆ ದಾಟಬೇಕು, ಕೊನೆಯಲ್ಲಿ ಗಾಜಿನ ಬೀರು ಒಡೆಯುತ್ತದೆ. ಇರುವುದು ಒಂದೇ ಬೀರು.

"ಹೇಳ್ತೀಯಾ ಡೈರೆಕ್ಟರ್‌ಗೆ?"

"ನಾನು ಹೇಳಲ್ಲ ಮಾವ. ನೀವೇ ಹೇಳ್ಬೇಕು. ಗೊತ್ತಿದ್ದೂ ಆ ಶಾಟ್‌ಗೆ ನಿಮ್ಮ ಪಕ್ಕ ನಿಲ್ಲೋದು ಮಾತ್ರ ನನ್ನ ಕೈಲಾಗಲ್ಲ."

ವ್ಯಾನಿನ ಬಾಗಿಲು ತೆಗೆದು ಇಳಿದು ಹೋದರು.

ಮಾರ್ಚ್ ೭

ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ಏನಾದರೂ ಬೇಕಿದ್ದರೆ ಲೈಟಿನವರ ಮೂಲಕ ಹೇಳಿಕಳಿಸುತ್ತಾರೆ. ನಾನೂ ಅವರದೇ ಸೋದರಸೊಸೆ, ಅದೇ ಹಟ. ಉಂಗುರವನ್ನು ಮಾತ್ರ ಅವರು ಬಿಟ್ಟಲ್ಲೇ ಬಿಡುತ್ತಿದ್ದೇನೆ.

ಮಾರ್ಚ್ ೮, ಮಧ್ಯಾಹ್ನ

ಬೇಗ ಬರೆಯಬೇಕು.

ಎಲ್ಲ ಸಿದ್ಧವಾದ ಮೇಲೆ ಮಾವ ದೂರ ಅಳೆಯುವ ಟೇಪು ಕೈಯಲ್ಲಿ ಹಿಡಿದು ಡೈರೆಕ್ಟರ್ ಮುಂದೆ ನಿಂತರು.

"ಬಲಗಣ್ಣಿಗೆ ಪೊರೆ ಬಂದಿದೆ. ಈ ಶಾಟ್ ಇವಳು ಹಿಡೀತಾಳೆ. ಫೋಕಸ್ ನಾನು ಮಾಡ್ತೀನಿ, ಅದಕ್ಕೆ ಎಡಗಣ್ಣು ಸಾಕು."

ಡೈರೆಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಗುತ್ತಾ ಅಂದರು. ಆಗುತ್ತೆ ಅಂದೆ. ಯೋಚಿಸಿ ಹೇಳಿದ್ದಲ್ಲ, ಗೊತ್ತಿದ್ದು ಹೇಳಿದ್ದು.

ಸಿನಿಮಾಕ್ಕೆ ಬಂದ ಹೊಸದರಲ್ಲಿ ಮಾವ ಮಾಡಿದ್ದೂ ಫೋಕಸ್ ಕೆಲಸವೇ ಅಂತೆ. ಲೆನ್ಸಿನಿಂದ ನಟನ ಮೂಗಿನವರೆಗೆ ಅಳೆದರು, ಬಾಗಿಲಲ್ಲಿ ಅಳೆದರು, ಬೀರುವಿನ ಮುಂದೆ ಅಳೆದರು. ಶಾಟ್ ಶುರುವಾಯಿತು. ಮೊದಲ ಕೋಣೆ, ಎರಡನೆಯದು... ಎಡಪಕ್ಕದಲ್ಲಿ ಅವರ ಉಸಿರು ಕೇಳುತ್ತಿತ್ತು, ನನ್ನ ಹೆಜ್ಜೆಗೆ ಸರಿಯಾಗಿ ಅವರ ಹೆಜ್ಜೆ. ನಟ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ, ಲೆನ್ಸಿನ ಹತ್ತಿರಕ್ಕೇ ಬಂದುಬಿಟ್ಟ. ನಾನು ಹಿಂದೆ ಸರಿದೆ. ಗಾಜು ಒಡೆಯಿತು.

ಕಟ್.

ಎಲ್ಲರೂ ರೂಢಿಯಂತೆ ಫೋಕಸ್ ಮಾಡಿದವರ ಕಡೆ ತಿರುಗಿದರು. ಸಿಕ್ಕಿತಾ ಅಂತ ಡೈರೆಕ್ಟರ್ ಮಾವನನ್ನೇ ಕೇಳಿದರು.

ಮಾವ ನನ್ನ ಕಡೆ ಕೈ ತೋರಿಸಿದರು.

"ಕಣ್ಣಿಟ್ಟವಳನ್ನ ಕೇಳಿ."

ಸಿಕ್ಕಿದೆ ಅಂದೆ, ಎಲ್ಲರಿಗೂ ಕೇಳುವ ಹಾಗೆ. ಯಾರೂ ಪ್ಲೇಬ್ಯಾಕ್ ಕೇಳಲಿಲ್ಲ.

ಕರೆಯುತ್ತಿದ್ದಾರೆ, ಮುಂದಿನ ಶಾಟ್. ಮಾವ ಆಗಲೇ ಟೇಪು ಬಿಚ್ಚಿಕೊಂಡು —