ನಿನ್ನ ಹೆಸರಿನ ಒಂಬತ್ತು ವರ್ಷ

ಸಲೀನಾಸ್, ಕ್ಯಾಲಿಫೋರ್ನಿಯಾ
ನವೆಂಬರ್ 16, 2017

ಪ್ರೀತಿಯ ಎಲೋಡಿಯಾ ಅಕ್ಕನಿಗೆ,

ಅಮ್ಮನ ಮೊಣಕಾಲು ನೋವು ಇಳಿದಿದೆಯೆಂದು ತಿಳಿದು ಸಮಾಧಾನವಾಯಿತು. ಈ ಕಾಗದವನ್ನು ಅವಳಿಗೆ ಓದಿ ಹೇಳಬೇಡ, ನೀನೊಬ್ಬಳೇ ಓದಿಕೋ.

ನಮ್ಮ ಕೂಲಿಯ ದಾವೆ ಮೊನ್ನೆ ಮಂಗಳವಾರ ಮುಗಿಯಿತು. ಸೊಪ್ಪು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಬೂಟು, ಏಪ್ರನ್, ಕೈಗವಸು ತೊಟ್ಟು ಸಿದ್ಧವಾಗುವ ಅರ್ಧ ಗಂಟೆಗೆ ಕಂಪನಿಯವರು ಯಾವತ್ತೂ ಕೂಲಿ ಕೊಟ್ಟವರಲ್ಲ. ಆರುನೂರು ಜನರ ಪರವಾಗಿ ಮೂವರು ಹೂಡಿದ್ದ ದಾವೆ. ಕಂಪನಿಯೇನೋ ರಾಜಿಗೆ ಬಂದಿತ್ತು. ಅದನ್ನು ನ್ಯಾಯಾಧೀಶರು ಒಪ್ಪಬೇಕಿತ್ತು.

ದುಡ್ಡು ಸಿಗಬೇಕಾದವರ ಪಟ್ಟಿಯಲ್ಲಿರುವುದು ನಿನ್ನ ಹೆಸರು. ಊರಿಗೆ ಮರಳುವಾಗ ಕಾಗದಪತ್ರವಿಲ್ಲದ ನನ್ನ ಕೈಗೆ ನಿನ್ನ ಕೆಲಸದ ಕಾರ್ಡನ್ನಿಟ್ಟು, "ಇನ್ಮೇಲೆ ನೀನೇ ಎಲೋಡಿಯಾ, ಮರೆತು ಬಾಯಿ ಬಿಟ್ಟೀಯ" ಎಂದಿದ್ದೆ. ಒಂಬತ್ತು ವರ್ಷ ಬಾಯಿ ಬಿಡಲಿಲ್ಲ. ಕಳೆದ ವರ್ಷ ನನ್ನ ಹೊಟ್ಟೆಯಲ್ಲಿದ್ದ ಮಗು ಹೋದಾಗ ಆಸ್ಪತ್ರೆಯವರು ಬರೆದುಕೊಂಡದ್ದೂ ನಿನ್ನ ಹೆಸರನ್ನೇ. ಅದನ್ನು ನಿನಗೆ ತಿಳಿಸಿರಲಿಲ್ಲ.

"ದುಡ್ಡು ನನ್ನ ಹೆಸರಿಗೇ ತಾನೆ ಬರೋದು, ಮನೆಗೆ ತಾರಸಿ ಹಾಕಿಸ್ತೀನಿ" ಎಂದು ರಾಜಿಯ ಸುದ್ದಿ ಕೇಳಿ ನೀನು ಫೋನಿನಲ್ಲಿ ನಕ್ಕೆ. ನಾನೂ ನಕ್ಕೆ. ಆಮೇಲೆ ಊಟ ಸೇರಲಿಲ್ಲ.

ಕೋರ್ಟಿನಲ್ಲಿ ನ್ಯಾಯಾಧೀಶರು, ವಯಸ್ಸಾದ ಹೆಂಗಸು, ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳಿದರು. ಜೊತೆಗೆ ಕೆಲಸ ಮಾಡುವ ಚಾಯೋ ನನ್ನ ತೊಡೆ ಚಿವುಟಿ, "ಏಳೇ, ಶೆಡ್ಡಲ್ಲಿ ಅಷ್ಟು ಜೋರು ಮಾಡ್ತೀಯ, ಇಲ್ಲಿ ಬೆಕ್ಕಿನಮರಿ ಆಗ್ಬಿಟ್ಯಾ" ಎಂದಳು. ಎದ್ದೆ. ತಣ್ಣೀರಲ್ಲಿ ತೊಳೆದ ಒದ್ದೆ ಬೆರಳಿಗೆ ಕೈಗವಸು ಏರದೆ ಹಲ್ಲಿನಲ್ಲಿ ಎಳೆದುಕೊಳ್ಳುವುದನ್ನು ಹೇಳಿದೆ. "ನಮ್ಮ ಮೇಸ್ತ್ರಿ ಗಿಲ್ಬೆರ್ತೊ ಕಣ್ಣಿಗೆ ನಾವು ಬೀಳೋದು ಬೆಲ್ ಹೊಡೆದ ಮೇಲೇನೇ" ಎಂದಾಗ ಹಿಂದಿನವರೆಲ್ಲ ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಬರೆದುಕೊಂಡರು. ಮಧ್ಯಾಹ್ನ ರಾಜಿಗೆ ಒಪ್ಪಿಗೆ ಕೊಟ್ಟರು. ಹೊರಗೆ ಎಲ್ಲರೂ ತಬ್ಬಿಕೊಂಡರು. ಚಾಯೋ ಬಿಸಿ ತಮಾಲೆ ಕಡುಬು ಹಂಚಿದಳು. ನಾನು ತಿನ್ನದೆ ಬಸ್ಸು ಹತ್ತಿದೆ.

ಅಮ್ಮನ ಕೈಗೆ ನನ್ನ ಮುತ್ತು.

ನಿನ್ನ ತಂಗಿ,
ರುಫಿನಾ

ತಾ.ಕ.: ಕೋರ್ಟಿನಲ್ಲಿ ಮಾತಿಗೆ ಮೊದಲು ಹೆಸರು ಹೇಳಬೇಕೆಂದರು. ನಿನ್ನದೇ ನಾಲಿಗೆಯ ತುದಿಗೆ ಬಂದಿತ್ತು. ಆದರೂ ನನ್ನದನ್ನೇ ಹೇಳಿಬಿಟ್ಟೆ. ನಿನ್ನೆ ಶೆಡ್ಡಿನ ಬಾಗಿಲಲ್ಲೇ ಗಿಲ್ಬೆರ್ತೊ ಕಾರ್ಡು ಕಿತ್ತುಕೊಂಡು, ಇನ್ನು ಕೆಲಸವಿಲ್ಲವೆಂದು ವಾಪಸ್ ಕಳಿಸಿದ. ನಿನ್ನ ಹೆಸರಿನ ಪಾಲನ್ನು ತಡೆಹಿಡಿದಿದ್ದಾರೆ, ಸಿಗುವುದೋ ಇಲ್ಲವೋ ವಕೀಲರಿಗೂ ತಿಳಿಯದು. ಬೈಯಬೇಕೆನಿಸಿದರೆ ಬೈದೇ ಬರೆ, ಅಕ್ಕ. ಲಕೋಟೆಯ ಮೇಲೆ ಮಾತ್ರ ರುಫಿನಾ ಎಂದು ಬರೆ.