ಇನ್ವರ್ಷನ್‌ಗೆ ಕನ್ನಡ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11

ಹೆರಿಗೆ ವಾರ್ಡಿನ ನರ್ಸುಗಳ ಕೈಪಿಡಿ. ಅನುವಾದ ನಲವತ್ತೆರಡನೇ ಪುಟಕ್ಕೆ ಬಂದು ನಿಂತಿದೆ. ಗರ್ಭಕೋಶದ 'ಇನ್ವರ್ಷನ್'. ಒಂದೇ ಪದಕ್ಕೆ ಮೂರು ಲೋಟ ಕಾಫಿ. ಗಣಿತದವರಿಗೆ ವಿಲೋಮ, ಹವಾಮಾನದವರಿಗೆ ವಿಪರ್ಯಯ, ವ್ಯಾಕರಣದವರಿಗೆ ಇನ್ನೇನೋ... ಹೆರಿಗೆ ಕೋಣೆಗೆ ಹೊಂದುವುದು ಒಂದೂ ಇಲ್ಲ. ಮೂಲ ಲ್ಯಾಟಿನ್ ನೋಡಿದೆ — ವರ್ಟೆರೆ ಎಂದರೆ ತಿರುಗಿಸು. ಇನ್‌ವರ್ಟೆರೆ, ಮಗುಚಿ ಹಾಕು. ಅಷ್ಟೇ! ಕಗ್ಗಂಟು ಮಾಡಿದ್ದು ನಾವು.

ಸಂಜೆ

ಸಂಪಾದಕ ಮಹಾಂತೇಶ್ ಫೋನ್. "ಪ್ರೇಮಲೀಲಾ ಮೇಡಂ, ಪದಕೋಶದಲ್ಲಿರೋದನ್ನೇ ಹಾಕ್ಬುಡಿ. ಗರ್ಭಾಶಯ ವಿಪರ್ಯಯ."

"ನರ್ಸುಗಳಿಗೆ ಅರ್ಥ ಆಗ್ಬೇಕಲ್ಲ ಸಾರ್?"

"ಏಕರೂಪತೆ ಮುಖ್ಯ ಕಣ್ರೀ."

ಏಕರೂಪತೆಯಂತೆ. ಅವರ ತಲೆ.

ಮಾರ್ಚ್ 6, ಗುರುವಾರ

ಮೇಟಗಳ್ಳಿಗೆ ಹೋಗಿದ್ದೆ, ಲಕ್ಷ್ಮಮ್ಮನ ಮನೆಗೆ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. 'ಗರ್ಭಾಶಯ ವಿಪರ್ಯಯ' ಎಂದೆ.

"ಅದ್ಯಾವ ಕಾಯ್ಲೆ ಕಣಮ್ಮ?"

ವಿವರಿಸಿದೆ. ಬಿಡಿಸುತ್ತಿದ್ದ ಬೆಳ್ಳುಳ್ಳಿ ಪಕ್ಕಕ್ಕಿಟ್ಟರು.

"ಓ... ಗರ್ಭಚೀಲ ಮಗುಚ್ಕೊಂಡು ಈಚೆ ಬರೋದು. ದಿಂಬಿನ ಕವರ್ ಒಳಮಗ್ಗುಲು ಈಚೆಗೆ ಎಳೀತೀವಲ್ಲ, ಅಂಗೇ. ಮಾಸು ಬೀಳೋಕ್ ಮುಂಚೆ ಹೊಕ್ಕಳಬಳ್ಳಿ ಎಳೆದ್ರೆ ಅಂಗಾಯ್ತದೆ."

ಬೆಳ್ಳುಳ್ಳಿ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು.

"ಕೆಲಸಕ್ಕೆ ಸೇರಿದ ಎರಡ್ನೇ ವರ್ಷ ನಾನೇ ಎಳೆದ್ಬುಟ್ಟೆ. ಪುಸ್ತಕ ಇತ್ತು, ಇಂಗ್ಲಿಷಲ್ಲಿ. ಆಯಮ್ಮ ಉಳೀಲಿಲ್ಲ."

ಆ ಬಾಣಂತಿಯ ಹೆಸರು ನಾನು ಕೇಳಲಿಲ್ಲ. ಅವರೇ ಹೇಳಿದರು. ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 7

'ಗರ್ಭಚೀಲ ಒಳಮಗುಚುವುದು' ಎಂದು ಕಳುಹಿಸಿದೆ. ಮಹಾಂತೇಶರ ಉತ್ತರ: "ಗ್ರಾಮ್ಯವಾಯಿತು." ಗ್ರಾಮ್ಯ!!

ಮಾರ್ಚ್ 18, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ. ಇವತ್ತು ಪ್ರೂಫ್ ಬಂತು — ವಿಪರ್ಯಯ, ಹದಿನಾಲ್ಕು ಕಡೆ. ಲಕ್ಷ್ಮಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಸರಸ್ವತಿಪುರಂ ಕಚೇರಿಗೇ ಹೋದೆ.

"ಸಾರ್, ಆ ಪುಟ ಇವರಿಗೆ ಓದಿ ಹೇಳಿ."

ಓದಿದರು. ಲಕ್ಷ್ಮಮ್ಮ ಕೈಕಟ್ಟಿ ಕೇಳಿಸಿಕೊಂಡರು.

"ಈಯಮ್ಮ ಮೊದ್ಲೇ ಬುಡಿಸಿ ಹೇಳ್ದೇ ಇದ್ದಿದ್ರೆ ನಂಗೇನೂ ತಿಳೀತಿರ್ಲಿಲ್ಲ ಸ್ವಾಮಿ. ಮೂವತ್ತು ವರ್ಷ ಅದೇ ಕೆಲಸ ಮಾಡ್ದೋಳು ನಾನು. ಒಬ್ಬಳನ್ನ ಈ ಕೈಯಲ್ಲೇ ಕಳ್ಕೊಂಡಿವ್ನಿ. ಮೊನ್ನೆ ಸೇರಿದ ಹುಡ್ಗೀಗೆ ಏನ್ ತಿಳೀತದೆ?"

ಮಹಾಂತೇಶ್ ಕನ್ನಡಕ ತೆಗೆದರು. ಒರೆಸಿದರು. ಕೆಂಪು ಪೆನ್ನು ನನ್ನ ಕಡೆ ತಳ್ಳಿದರು. ಹದಿನಾಲ್ಕೂ ಕಡೆ ನಾನೇ ಹೊಡೆದು ಹಾಕಿ 'ಒಳಮಗುಚುವುದು' ಎಂದು ಬರೆದೆ.

ಏಪ್ರಿಲ್ 21, ಸೋಮವಾರ. ಮಧ್ಯಾಹ್ನ 2

ಪುಸ್ತಕ ಬಂತು. ಒಳಗೆಲ್ಲ ಸರಿ. ಪರಿವಿಡಿಯಲ್ಲಿ — ವಿಪರ್ಯಯ! ಪರಿವಿಡಿ ಪ್ರೂಫನ್ನು ಯಾರಿಗೂ ತೋರಿಸಲೇ ಇಲ್ಲವಂತೆ. ಏನು ಹೇಳುವುದು ಇವರಿಗೆ? ನಾಳೆ ನರ್ಸುಗಳ ತರಬೇತಿ. ಐನೂರು ಪ್ರತಿ. ವಿಜಯನಗರದ ನಮ್ಮ ಮನೆಯ ಹಾಲ್‌ನಲ್ಲೇ ಪೆನ್ನು ಹಿಡಿದು ತಿದ್ದುತ್ತಿದ್ದೇವೆ, ನಾನೂ ಲಕ್ಷ್ಮಮ್ಮನೂ. ಇನ್ನೂರಾಯಿತು. ನನ್ನ ಬೆರಳು ಮರಗಟ್ಟಿದೆ. ಅವರು ಊಟಕ್ಕೂ ಏಳುತ್ತಿಲ್ಲ.

"ಸಾಕು, ಒಂದು ತುತ್ತು ತಿನ್ನಿ" ಎಂದೆ.

"ನೀವುಣ್ಣಿ. ನಂಗೆ ಬರೆಯೋಕ್ ಬುಡಿ."

ದುಂಡಗೆ ಬರೆಯುತ್ತಿದ್ದಾರೆ, ಒಂದೊಂದು ಅಕ್ಷರವನ್ನೂ. ಮುಂದಿನ ಕಟ್ಟು ಬಿಚ್ಚಬೇಕಂತೆ, ಕತ್ತರಿ ಕೇಳುತ್ತಿದ್ದಾರೆ. ಕೊಟ್ಟು ಬರುತ್ತೇನೆ—